ಡೇಟೋನಾ ಅಥವಾ ಬ್ರಿಸ್ಟಲ್: ಯಾವ ನಾಸ್ಕಾರ್ ವಾರಾಂತ್ಯ?

ಅಮೆರಿಕದಲ್ಲಿ ನಾಸ್ಕಾರ್ ಸಂಸ್ಥೆ ನಡೆಸುವ ಸ್ಟಾಕ್ ಕಾರ್ ರೇಸನ್ನು (ನೋಟಕ್ಕೆ ಮಾಮೂಲಿ ಕಾರುಗಳಂತಿರುವ ರೇಸ್ ಕಾರುಗಳ ಸ್ಪರ್ಧೆ) ಕಣ್ಣಾರೆ ನೋಡಲು ಒಂದೇ ವಾರಾಂತ್ಯ ಸಿಗುವುದಾದರೆ, ಫ್ಲಾರಿಡಾದ 500 ಮೈಲಿಗಳ ರೇಸಾದ ಡೇಟೋನಾ 500ಕ್ಕಿಂತ ಟೆನೆಸ್ಸಿಯ ಬ್ರಿಸ್ಟಲ್‌ನಲ್ಲಿ ನಡೆಯುವ ರಾತ್ರಿ ರೇಸನ್ನೇ ನಾನು ಆರಿಸುತ್ತೇನೆ. 1959ರಿಂದ ನಡೆದುಬಂದಿರುವ ಡೇಟೋನಾದ ಪ್ರತಿಷ್ಠೆಗೆ ಸಾಟಿಯಿಲ್ಲ, ಭಾನುವಾರದ ಮುಖ್ಯ ರೇಸಿಗೆ ಮುನ್ನ ಗುರುವಾರ ನಡೆಯುವ ಅರ್ಹತಾ ರೇಸುಗಳೂ ಸೊಗಸಾಗಿರುತ್ತವೆ. ಆದರೆ 2.5 ಮೈಲಿ ಉದ್ದದ ಆ ಟ್ರ್ಯಾಕಿನಲ್ಲಿ ಕೆಳಗಿನ ಸಾಲುಗಳಲ್ಲಿ ಕುಳಿತವರಿಗೆ ಕಾರುಗಳ ಗುಂಪು ಕ್ಷಣಮಾತ್ರ ಎದುರಿಗೆ ಬಂದು ದೂರ ಸರಿದುಬಿಡುತ್ತದೆ. ಮಳೆ ಸುರಿದರೆ, 2024ರಲ್ಲಿ ಆದಂತೆ, ರೇಸು ಸೋಮವಾರಕ್ಕೆ ಹೋಗಬಹುದಾದ್ದರಿಂದ ಮರಳುವ ವಿಮಾನವನ್ನು ಮಂಗಳವಾರಕ್ಕೆ ಕಾಯ್ದಿರಿಸುವುದು ಲೇಸು. ಬ್ರಿಸ್ಟಲ್ ಟ್ರ್ಯಾಕ್ ಅರ್ಧ ಮೈಲಿಗಿಂತ ತುಸುವೇ ಹೆಚ್ಚು. ಕಾಂಕ್ರೀಟಿನ ಆ ಬಟ್ಟಲಿನ ಸುತ್ತ ಎತ್ತರಕ್ಕೇರಿದ ಆಸನಗಳಿಂದ 500 ಸುತ್ತುಗಳ ತಳ್ಳಾಟವೆಲ್ಲ ಕಣ್ಣೆದುರೇ ನಡೆಯುತ್ತದೆ. ಸದ್ದು ಮಾತ್ರ ವಿಪರೀತ, ಮಕ್ಕಳನ್ನು ಕರೆದೊಯ್ಯುವವರು ಕಿವಿಗೆ ರಕ್ಷಣೆಯಿಲ್ಲದೆ ಹೋಗಲೇಬಾರದು.