ಏರ್ ಫಿಲ್ಟರಿಗೆ ನೀರು ತಡೆಯುವ ಗವಸು: ಎರಚಲಿಗೆ ಸೈ, ಮುಳುಗಡೆಗಲ್ಲ

ಕಾರಿನೊಂದಿಗೆ ಬಂದ ಏರ್ ಬಾಕ್ಸ್ (ಏರ್ ಫಿಲ್ಟರ್ ಕೂತಿರುವ ಡಬ್ಬಿ) ಕಳಚಿ ಕೋನ್ ಆಕಾರದ ಬಯಲು ಫಿಲ್ಟರ್ ಕೂರಿಸಿದ ಮೇಲೆ ನೀರಿನ ಚಿಂತೆ ಶುರುವಾಗುತ್ತದೆ. ಹಳೆಯ ಡಬ್ಬಿಯಲ್ಲಿ ನೀರನ್ನು ಬೇರ್ಪಡಿಸುವ ತಿರುವುಗಳಿದ್ದವು, ತಳದಲ್ಲಿ ನೀರು ಸೋರಿಹೋಗಲು ತೂತಿತ್ತು. ಹೊಸ ಫಿಲ್ಟರಿಗೆ ಅವೆರಡೂ ಇಲ್ಲ. ಆ ಕೊರತೆ ತುಂಬಲು ಬಂದಿರುವುದೇ ಫಿಲ್ಟರಿನ ಮೇಲೆ ಎಳೆದು ಹಾಕುವ ಪಾಲಿಯೆಸ್ಟರ್ ಗವಸು. ಕೆ ಆಂಡ್ ಎನ್ ಇದನ್ನು ಡ್ರೈಚಾರ್ಜರ್ ಎಂದು ಮಾರುತ್ತದೆ, ಇಂಜೆನ್ ಹೈಡ್ರೋ-ಶೀಲ್ಡ್ ಎನ್ನುತ್ತದೆ. ಔಟರ್‌ವೇರ್ಸ್ ಕಂಪನಿಯ ಮುಖ್ಯ ಕಸುಬೇ ಇಂಥ ಗವಸುಗಳು. ಮೂರರ ತತ್ವವೂ ಒಂದೇ: ಒತ್ತಾಗಿ ನೇಯ್ದ ಬಟ್ಟೆ, ಅದರ ಎಳೆಗೆ ನೀರು ಹಿಡಿಯದಂಥ ಲೇಪ. ಹನಿ ಬಿದ್ದರೆ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಉರುಳಿ ಹೋಗುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತದೆ.

ಕೊಳ್ಳುವಾಗಲೇ ಆಗುವ ತಪ್ಪೊಂದಿದೆ. ಕೆ ಆಂಡ್ ಎನ್‌ನಲ್ಲಿ ನೋಡಲು ಒಂದೇ ಥರ ಇರುವ ಎರಡು ಗವಸುಗಳಿವೆ. ಪ್ರೀಚಾರ್ಜರ್ ಧೂಳಿಗಾಗಿ ಮಾಡಿದ್ದು, ನೀರಿಗೆಂದೇ ಇರುವುದು ಡ್ರೈಚಾರ್ಜರ್. ಫಿಲ್ಟರಿನ ನಂಬರಿನ ಕೊನೆಗೆ ಪಿ ಅಕ್ಷರ ಸೇರಿದ್ದರೆ ಮೊದಲನೆಯದು, ಡಿ ಸೇರಿದ್ದರೆ ಎರಡನೆಯದು. ಅದರ ನಂತರ ಬರುವ ಅಕ್ಷರ ಬರೀ ಬಣ್ಣದ ಗುರುತು.

ಅಳತೆಯಲ್ಲಿ ಅಂದಾಜು ನಡೆಯದು. ಫಿಲ್ಟರಿನ ಬುಡದ ವ್ಯಾಸ, ತುದಿಯ ವ್ಯಾಸ, ಎತ್ತರ ಮೂರನ್ನೂ ಅಳೆಯಿರಿ. ಪೈಪಿಗೆ ಸಿಕ್ಕಿಸುವ ಕುತ್ತಿಗೆಯನ್ನು ಎತ್ತರದಲ್ಲಿ ಸೇರಿಸಬೇಡಿ. ಗವಸು ಸಡಿಲವಾದರೆ ಎಂಜಿನ್ ಎಳೆತಕ್ಕೆ ಬಟ್ಟೆ ಫಿಲ್ಟರಿನ ಮಡಿಕೆಗಳ ಸಂದಿಗೆ ಒತ್ತಿಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಬುಡದ ಎಲಾಸ್ಟಿಕ್ ರಬ್ಬರ್ ಅಂಚನ್ನು ದಾಟಿ ಕೂರದಿದ್ದರೆ ನೀರು ಅಲ್ಲಿಂದಲೇ ನುಸುಳುತ್ತದೆ. ತುದಿಯಲ್ಲೂ ಗಾಳಿ ಎಳೆಯುವ ಫಿಲ್ಟರಾದರೆ ತುದಿ ಮುಚ್ಚಿದ ಗವಸೇ ಬೇಕು.

ಎಣ್ಣೆ ಹಾಕುವ ಹತ್ತಿಯ ಫಿಲ್ಟರಿಗೆ ಗವಸು ತೊಡಿಸುವವರು ಅವಸರ ಮಾಡಬಾರದು. ಎಣ್ಣೆ ಹಾಕಿ 20 ನಿಮಿಷ ಬಿಟ್ಟು, ಬಿಳಿಯಾಗಿ ಉಳಿದ ಕಡೆ ಇನ್ನಷ್ಟು ಹಾಕಿ, ಹೆಚ್ಚಾದದ್ದನ್ನು ಒರೆಸಿದ ಮೇಲೆಯೇ ತೊಡಿಸಿ. ಹೆಚ್ಚುವರಿ ಎಣ್ಣೆ ಗವಸಿಗೆ ಇಳಿದರೆ ಆ ಜಾಗದಲ್ಲಿ ಹನಿ ಉರುಳದೆ ಹರಡಿಕೊಳ್ಳುತ್ತದೆ, ಧೂಳೂ ಅಂಟುತ್ತದೆ. ಗವಸಿಗೇ ಎಣ್ಣೆ ಸವರುವವರಿದ್ದಾರೆ. ಅದು ದುಡ್ಡು ಕೊಟ್ಟು ತಂದ ಲೇಪವನ್ನು ಕೈಯಾರೆ ಹಾಳು ಮಾಡಿದಂತೆ.

ಗವಸಿನಿಂದ ಎಂಜಿನ್ನಿನ ಉಸಿರು ಕಟ್ಟುತ್ತದೆಯೇ ಎಂಬ ಪ್ರಶ್ನೆಗೆ ಅಳೆದೇ ಉತ್ತರ ಕಂಡುಕೊಳ್ಳಬಹುದು. ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಉಪಕರಣ) ಸಿಕ್ಕಿಸಿ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಂಟೇಕ್ ಮ್ಯಾನಿಫೋಲ್ಡಿನ (ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಯ) ಒತ್ತಡ ಎಷ್ಟೆಂದು ಗವಸು ಹಾಕಿ ಒಮ್ಮೆ, ತೆಗೆದು ಒಮ್ಮೆ ದಾಖಲಿಸಿ. ಗೇರ್ ಮತ್ತು ಆರ್‌ಪಿಎಂ ಎರಡೂ ಸಲ ಒಂದೇ ಇರಲಿ. ವ್ಯತ್ಯಾಸ 1 ಕಿಲೋಪ್ಯಾಸ್ಕಲ್ ಒಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಗವಸು ಕೊಳೆಯಾಗಿದೆ, ಇಲ್ಲವೇ ಫಿಲ್ಟರೇ ಎಂಜಿನ್ನಿಗೆ ಚಿಕ್ಕದಾಗಿದೆ. ಕೆಸರಿನಲ್ಲಿ ಓಡಿಸಿದ ದಿನ ಗವಸನ್ನು ನೋಡಲೇಬೇಕು. ಒಣಗಿದ ಕೆಸರಿನ ಪದರ ಗಾಳಿಯನ್ನೂ ತಡೆಯುತ್ತದೆ.

ಇದರ ಆಯಸ್ಸು ತೊಳೆಯುವ ರೀತಿಯ ಮೇಲೆ ನಿಂತಿದೆ. ಒಣ ಧೂಳಾದರೆ ಗವಸು ಕಳಚಿ ಒಳಗಿನಿಂದ ಹೊರಕ್ಕೆ ಗಾಳಿ ಊದಿದರೆ ಸಾಕು. ಕೆಸರಾದರೆ ತಣ್ಣೀರು, ಸ್ವಲ್ಪ ಸೌಮ್ಯ ಸೋಪು, ಕೈಯಲ್ಲಿ ಮೆಲ್ಲಗೆ ತಿಕ್ಕುವುದು. ಸೋಪಿನ ಅಂಶ ಉಳಿದರೆ ನೀರು ಹಿಡಿಯತೊಡಗುವುದರಿಂದ ಚೆನ್ನಾಗಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಪೆಟ್ರೋಲ್, ಬ್ರೇಕ್ ಕ್ಲೀನರ್, ವಾಷಿಂಗ್ ಮೆಷಿನ್, ಬಟ್ಟೆ ಮೃದುವಾಗಿಸುವ ದ್ರವ ಯಾವುದೂ ಬೇಡ. ಒಣಗಿದ ಮೇಲೆ ಒಂದು ಚಮಚ ನೀರು ಚಿಮುಕಿಸಿ ನೋಡಿ: ಹನಿ ಗುಂಡಗೆ ನಿಂತು ಉರುಳಿದರೆ ಲೇಪ ಇನ್ನೂ ಇದೆ, ಬಟ್ಟೆ ಕಪ್ಪಾಗಿ ಒದ್ದೆಯಾದರೆ ಮುಗಿದಿದೆ. ಆಗ ಮಳೆಯಂಗಿ, ಟೆಂಟುಗಳಿಗೆ ಬಳಸುವ ಜಲನಿರೋಧಕ ಸ್ಪ್ರೇ ಹೊಡೆದು ಪೂರ್ತಿ ಒಣಗಿಸಬಹುದು, ಆದರೆ ಸಿಲಿಕೋನ್ ಇರುವುದನ್ನು ತರಬೇಡಿ. ಅದರ ಆವಿ ಎಂಜಿನ್ನಿನಲ್ಲಿ ಉರಿದು ಆಕ್ಸಿಜನ್ ಸೆನ್ಸರಿನ ಮೇಲೆ ಪದರ ಕಟ್ಟಿ ಅದನ್ನು ಕೆಡಿಸುತ್ತದೆ.

ಇಷ್ಟು ಮಾಡಿದರೆ ಮಳೆ, ಮುಂದಿನ ಲಾರಿಯ ಚಕ್ರ ಎಬ್ಬಿಸುವ ತುಂತುರು, ಸಣ್ಣ ಗುಂಡಿಯ ಎರಚಲು ಇವಕ್ಕೆಲ್ಲ ಗವಸು ನಂಬಿಕಸ್ಥ. ಫಿಲ್ಟರಿನ ಹಿಂದೆ ಕೂತಿರುವ ಗಾಳಿ ಅಳೆಯುವ ಸೆನ್ಸರಿಗೂ ಹನಿ ತಾಗದೆ ತಪ್ಪು ಲೆಕ್ಕದ ಕಾಟ ತಪ್ಪುತ್ತದೆ. ಆದರೆ ನಿಂತ ನೀರಿನಲ್ಲಿ ಫಿಲ್ಟರ್ ಮುಳುಗಿದರೆ ಈ ಬಟ್ಟೆಯಿಂದ ಏನೂ ಆಗದು. ಕೇವಲ 1 ಕಿಲೋಪ್ಯಾಸ್ಕಲ್ ಎಳೆತ ನೀರನ್ನು 10 ಸೆಂಟಿಮೀಟರ್ ಮೇಲೆತ್ತುತ್ತದೆ. ಗಾಳಿಯ ದಾರಿ ಮುಚ್ಚಿದ ಎಂಜಿನ್ ಅದರ ಹತ್ತಾರು ಪಟ್ಟು ಎಳೆಯಬಲ್ಲದು. ಲೇಪ ಆ ಒತ್ತಡದ ಮುಂದೆ ನಿಲ್ಲುವುದಿಲ್ಲ.

ಒಳಗೆ ಎಷ್ಟು ನೀರು ಹೋದರೆ ಅಪಾಯ? ಅರ್ಧ ಲೀಟರ್ ಸಿಲಿಂಡರ್, 10ಕ್ಕೆ 1 ಕಂಪ್ರೆಷನ್ ಎಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 55 ಮಿಲಿಲೀಟರ್. 16ಕ್ಕೆ 1 ಇರುವ ಡೀಸೆಲಿನಲ್ಲಿ ಸುಮಾರು 33. ನೀರು ಕುಗ್ಗುವುದಿಲ್ಲ. ಆ ಜಾಗಕ್ಕಿಂತ ಹೆಚ್ಚು ನೀರು ಸೇರಿದರೆ ಪಿಸ್ಟನ್ ಅಲ್ಲೇ ನಿಲ್ಲುತ್ತದೆ, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹಾಗಾಗಿ ಗವಸಿಗಿಂತ ಮೊದಲು ಫಿಲ್ಟರ್ ಇರುವ ಜಾಗ ನೋಡಿ. ಬಂಪರಿನ ಹಿಂದೆ ತಗ್ಗಿನಲ್ಲಿ ಕೂತ ಕೋಲ್ಡ್ ಏರ್ ಇಂಟೇಕಿನ (ಹೊರಗಿನ ತಂಪು ಗಾಳಿ ಎಳೆಯುವ ಉದ್ದ ಪೈಪಿನ) ಬದಲು, ಮಳೆಗಾಲ ಮುಗಿಯುವವರೆಗೆ ಮೇಲೆ ಕೂರುವ ಗಿಡ್ಡ ಪೈಪೇ ಸರಿ. ಪೈಪ್ ಹಾಕುವಾಗ ಬಿಚ್ಚಿದ ಚಕ್ರದ ಒಳಮರೆಯನ್ನು ಎಲ್ಲ ಕ್ಲಿಪ್ಪುಗಳೊಂದಿಗೆ ಮರಳಿ ಹಾಕಿ. ಅದಿಲ್ಲದಿದ್ದರೆ ಚಕ್ರ ನೇರ ಫಿಲ್ಟರಿಗೇ ನೀರು ಹೊಡೆಯುತ್ತದೆ. ನೀರು ಇಳಿಯಲು ತೂತು ಕೊರೆಯುವುದಾದರೆ ಫಿಲ್ಟರಿನ ಹೊರಗಿನ ಡಬ್ಬಿಯ ತಳಕ್ಕೆ ಮಾತ್ರ. ಫಿಲ್ಟರ್ ದಾಟಿದ ಪೈಪಿಗೆ ಕೊರೆದರೆ ಧೂಳು ನೇರ ಎಂಜಿನ್ನಿಗೆ ಹೋಗುತ್ತದೆ.

ಎಇಎಂ ಕಂಪನಿಯ ಬೈಪಾಸ್ ವಾಲ್ವ್ ಬೇರೆಯೇ ವಸ್ತು. ಫಿಲ್ಟರಿಗಿಂತ ಎತ್ತರದಲ್ಲಿ ಪೈಪಿನ ನಡುವೆ ಕೂತು, ಫಿಲ್ಟರ್ ಮುಳುಗಿ ಎಳೆತ ಹೆಚ್ಚಿದಾಗ ತೆರೆದು ಅಲ್ಲಿಂದಲೇ ಗಾಳಿ ಕೊಡುತ್ತದೆ. ತಗ್ಗಿನ ಫಿಲ್ಟರ್ ಬದಲಿಸಲಾಗದವರಿಗೆ ಗವಸಿನ ಜೊತೆ ಇದೂ ಇರಲಿ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಇದು ಆಗದು. ವಾಲ್ವ್ ಇರುವ ಎತ್ತರಕ್ಕೇ ನೀರು ಬಂದರೆ ಇದೂ ಕೈಬಿಡುತ್ತದೆ.

ನೀರಿನಲ್ಲಿ ಎಂಜಿನ್ ನಿಂತುಬಿಟ್ಟರೆ ಮತ್ತೆ ಕೀಲಿ ತಿರುಗಿಸಬೇಡಿ. ಫಿಲ್ಟರ್ ಬಿಚ್ಚಿ ಪೈಪಿನೊಳಗೆ ಒದ್ದೆ ಇದೆಯೇ ನೋಡಿ. ಇದ್ದರೆ ಇಂಧನ, ಇಗ್ನಿಷನ್ ಎರಡನ್ನೂ ಕಡಿದು, ಸ್ಪಾರ್ಕ್ ಪ್ಲಗ್‌ಗಳನ್ನು, ಡೀಸೆಲಾದರೆ ಗ್ಲೋ ಪ್ಲಗ್‌ಗಳನ್ನು ತೆಗೆಸಿ, ಆಮೇಲೆ ಸ್ಟಾರ್ಟರ್ ಹೊಡೆದು ನೀರು ಹೊರಹಾಕಿಸಿ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಅದನ್ನೂ ಬದಲಿಸದೆ ಎಂಜಿನ್ ಚಾಲೂ ಮಾಡಬಾರದು.