ತಾತನ ಪದಕಗಳಿಗೆ ಕಟ್ಟು ಹಾಕಿಸಿದೆವು

ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಪುಟ್ಟ ಅಂಗಡಿ ಇದೆ. ಮಿಲಿಟರಿ ಪದಕಗಳನ್ನೂ ಧೈರ್ಯವಾಗಿ ಇಲ್ಲಿ ಕೊಡಬಹುದು. ಕೆಲಸ ಗೊತ್ತಿರುವವರು. ಹೇಳಿದ ದಿನಕ್ಕೆ ಸಿಗುತ್ತೆ ಅಂತ ಮಾತ್ರ ನಂಬಿಕೊಳ್ಳಬೇಡಿ.

ತಾತನಿಗೆ ನೂರು ತುಂಬಿತು. ಹಲಸೂರು ಕೆರೆ ಹತ್ತಿರದ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನೆಯ ಎಂಜಿನಿಯರ್ ದಳಕ್ಕೆ ಸೇರಿ, ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಸೇತುವೆ ಕಟ್ಟಿದವರು. 1939–45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್ ಮೂರೂ ಟ್ರಂಕಿನ ತಳದಲ್ಲಿದ್ದವು. ಮೊದಲು ಮಾಲ್‌ನ ಒಂದು ಅಂಗಡಿಗೆ ಹೋದರೆ "ಸ್ಪೋರ್ಟ್ಸ್ ಮೆಡಲ್ಲಾ ಸಾರ್?" ಅಂದರು. ಅಲ್ಲಿಂದ ಎದ್ದು ಬಂದೆವು.

ಸ್ಟಾರ್‌ಗಳು ಕಪ್ಪಾಗಿದ್ದವು. ಹುಣಸೆಹಣ್ಣು ಹಾಕಿ ತಿಕ್ಕಿಕೊಡುತ್ತೇನೆ ಅಂತ ಅಮ್ಮ ಹೊರಟಿದ್ದರು. ಗಲ್ಲಿ ಅಂಗಡಿಯ ಯಜಮಾನರು ತಡೆದರು. "ಬೇಡಮ್ಮ, ಅಕ್ಷರ ಸವೆದುಹೋಗುತ್ತೆ." ಮೆತ್ತನೆ ಬ್ರಷ್‌ನಲ್ಲಿ ಧೂಳು ಮಾತ್ರ ತೆಗೆದರು. ಗೋಂದು ಮುಟ್ಟಿಸಲಿಲ್ಲ. ರಿಬ್ಬನ್‌ಗಳನ್ನು ದಾರದಲ್ಲಿ ಬಟ್ಟೆಗೆ ಹೊಲಿದರು. ತಾತ ಎದೆಗೆ ಹಾಕಿಕೊಳ್ಳುತ್ತೇನೆ ಅಂದರೆ ಬಿಚ್ಚಿಕೊಡಬಹುದು, ಅಲ್ವಾ. ಗಾಜು ಪದಕಕ್ಕೆ ತಾಗದಷ್ಟು ಆಳದ ಕಟ್ಟು.

ಒಂದು ಎಡವಟ್ಟಾಯಿತು. 1939–45 ಸ್ಟಾರ್‌ನ ರಿಬ್ಬನ್‌ನಲ್ಲಿ ಮೂರು ಪಟ್ಟೆ: ನೌಕಾಪಡೆಯ ಕಡುನೀಲಿ, ಭೂಸೇನೆಯ ಕೆಂಪು, ವಾಯುಪಡೆಯ ತಿಳಿನೀಲಿ. ನಮ್ಮ ಕಡೆಯಿಂದ ನೋಡಿದಾಗ ಕಡುನೀಲಿ ಎಡಕ್ಕೆ ಬರಬೇಕು. ಕೆಲಸದ ಹುಡುಗ ತಿರುಗುಮುರುಗು ಹೊಲಿದಿದ್ದ. ನಮಗ್ಯಾರಿಗೂ ಹೊಳೆಯಲಿಲ್ಲ. ಪೇಪರ್ ಓದಲು ಭೂತಗನ್ನಡಿ ಬೇಕಾದ ತಾತ, ಕಾಗದ ಬಿಚ್ಚಿದ ಕೂಡಲೇ "ನೇವಿ ಯಾಕೋ ಆ ಕಡೆ ನಿಂತಿದೆ?" ಅಂದರು. ವಾಪಸ್ ಒಯ್ದೆ. ಯಜಮಾನರು ಎದುರಿಗೇ ಕೂತು ಸರಿಮಾಡಿದರು, ಕಾಸು ಕೇಳಲಿಲ್ಲ.

ಹೆಸರಿನ ಹಿತ್ತಾಳೆ ಪಟ್ಟಿಗೆ ಅಕ್ಷರಕ್ಕಿಷ್ಟು ಅಂತ ರೇಟು. ಚಿಕ್ಕಪ್ಪ "ವೀರಯೋಧ" ಅಂತ ಹಾಕಿಸಲು ಹೊರಟಿದ್ದರು. ತಾತ ಒಪ್ಪಲೇ ಇಲ್ಲ. ಸೇನೆಯ ನಂಬರು, ಸ್ಯಾಪರ್, ಹೆಸರು, ಅಷ್ಟೇ. ದುಡ್ಡೂ ಉಳಿಯಿತು.

ಒಟ್ಟು 3,200 ರೂಪಾಯಿ. ಜಾಸ್ತಿ ಅನ್ನಿಸಲಿಲ್ಲ. ಅವರು ಕೊಡುವ ಕೊಕ್ಕೆ ಮಾತ್ರ ಸಾಲದು, ಕಟ್ಟು ಭಾರ ಇದೆ, ಗೋಡೆಗೆ ಡ್ರಿಲ್ ಮಾಡಿಸಿ ಸ್ಕ್ರೂ ಹಾಕಿಸಿ. ಕಿಟಕಿ ಬಿಸಿಲು ಬೀಳುವ ಕಡೆ ಬೇಡ, ರಿಬ್ಬನ್ ಬಣ್ಣ ಹೋಗುತ್ತೆ. ಕಾರು ತರಬೇಡಿ, ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದುಕೊಂಡು ಹೋಗಿ.