ಅಗ್ಗದ ಎಸ್‌ಎಸ್‌ಡಿ: ಐದು ವರ್ಷ, ನಾಲ್ಕು ಡ್ರೈವ್, ಒಂದು ಮದುವೆ ವಿಡಿಯೊ

ನಮ್ಮ ಮನೆಗೆ 2020ರಿಂದ ಈಚೆಗೆ ನಾಲ್ಕು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ ಚಿಪ್ಪಿನ ಡ್ರೈವ್, ಬಂದಿವೆ. ನಾಲ್ಕೂ ಅಗ್ಗದವೇ. ಮೂರು ಸಾಟಾ (ಕಂಪ್ಯೂಟರಿಗೆ ಜೋಡಿಸುವ ಹಳೆಯ ಬಗೆ), ಒಂದು ಎನ್‌ವಿಎಂಇ (ಹೊಸ, ವೇಗದ ಬಗೆ). ಒಂದು ಸತ್ತಿದೆ, ಮೂರು ಓಡುತ್ತಿವೆ. ಕೊಂಡ ವಾರವೇ ಐದು ಸ್ಟಾರ್ ಕೊಟ್ಟು ಬರೆದ ವಿಮರ್ಶೆಗಳನ್ನು ನಂಬಿ ದುಡ್ಡು ಕೊಟ್ಟವನು ನಾನು, ಅದಕ್ಕೇ ಇಷ್ಟು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನಾನು ಕೊಂಡ ಡ್ರೈವ್‌ಗಳ ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಉಪಯೋಗವಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲನೆಯದು ಅಪ್ಪನ ಲ್ಯಾಪ್‌ಟಾಪಿಗೆ ಹಾಕಿದ 240 ಜಿಬಿ ಸಾಟಾ ಡ್ರೈವ್. ಅದು 2015ರ ಲ್ಯಾಪ್‌ಟಾಪ್, ಒಳಗಿದ್ದದ್ದು 5400 ಆರ್‌ಪಿಎಂ ಹಾರ್ಡ್ ಡಿಸ್ಕ್. ಪವರ್ ಬಟನ್ ಒತ್ತಿದರೆ ಕ್ರೋಮ್ ತೆರೆದುಕೊಳ್ಳಲು 3 ನಿಮಿಷ 10 ಸೆಕೆಂಡು ಬೇಕಿತ್ತು. ಅಪ್ಪ ಬಟನ್ ಒತ್ತಿ, ಹೋಗಿ ತುಳಸಿಕಟ್ಟೆಗೆ ನೀರು ಹಾಕಿ ಬರುತ್ತಿದ್ದರು. ಎಸ್‌ಎಸ್‌ಡಿ ಹಾಕಿದ ಮೇಲೆ 28 ಸೆಕೆಂಡು. ಮೊದಲ ದಿನ ಬೆಳಿಗ್ಗೆ "ರಾತ್ರಿ ಆಫ್ ಮಾಡಿರಲಿಲ್ವೇನೋ?" ಅಂತ ನನ್ನನ್ನೇ ಬೈದರು.

ಇಷ್ಟು ವ್ಯತ್ಯಾಸ ಬರುವುದು ಚಿಕ್ಕ ಫೈಲುಗಳಿಂದ. ವಿಂಡೋಸ್ ಏಳುವಾಗ ಸಾವಿರಾರು ಪುಟ್ಟ ಫೈಲುಗಳನ್ನು ಅಲ್ಲಿ ಇಲ್ಲಿ ಹುಡುಕಿ ಓದುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಒಂದು ಕಡ್ಡಿ ತಿರುಗುವ ತಟ್ಟೆಯ ಮೇಲೆ ಪ್ರತಿ ಸಲ ಆ ಜಾಗಕ್ಕೆ ಹೋಗಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ. ಡ್ರೈವಿನ ಸ್ಪೀಡು ಅಳೆಯಲು ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರ ಕೊನೆಯ ಸಾಲು, 4ಕೆ ರ್ಯಾಂಡಮ್ ಅನ್ನುವುದು, ಹೀಗೆ ಪುಟ್ಟ ತುಣುಕುಗಳನ್ನು ಅಲ್ಲಿ ಇಲ್ಲಿ ಹುಡುಕಿ ಓದುವ ಸ್ಪೀಡು, ಅದನ್ನು ನೋಡಿ. ಅಪ್ಪನ ಹಳೆಯ ಹಾರ್ಡ್ ಡಿಸ್ಕು ಅಲ್ಲಿ ಸೆಕೆಂಡಿಗೆ 1 ಎಂಬಿಯನ್ನೂ ಮುಟ್ಟಲಿಲ್ಲ. ಅಗ್ಗದ ಸಾಟಾ ಡ್ರೈವ್ 27 ಎಂಬಿ ಓದಿತು. ಆಮೇಲೆ ಕೊಂಡ ಎನ್‌ವಿಎಂಇ, ಡಬ್ಬದ ಮೇಲೆ 3500 ಅಂತ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದದ್ದು, ಅದೇ ಸಾಲಿನಲ್ಲಿ 52. ಅಷ್ಟೇ.

ಹಾಗಾಗಿ ನನ್ನ ಡೆಸ್ಕ್‌ಟಾಪ್ ಸಾಟಾದಲ್ಲಿ 21 ಸೆಕೆಂಡಿಗೆ ಏಳುತ್ತಿದ್ದದ್ದು ಎನ್‌ವಿಎಂಇಯಲ್ಲಿ 18 ಸೆಕೆಂಡಿಗೆ ಏಳುತ್ತದೆ. ಅದರಲ್ಲಿ 9 ಸೆಕೆಂಡು ಮದರ್‌ಬೋರ್ಡಿನದೇ, ಡ್ರೈವಿಗೂ ಅದಕ್ಕೂ ಸಂಬಂಧವಿಲ್ಲ. ಬ್ರೌಸರ್, ವರ್ಡ್, ನುಡಿ, ಟ್ಯಾಲಿ ಇಷ್ಟೇ ನಿಮ್ಮ ಕೆಲಸವಾದರೆ ಎರಡರಲ್ಲಿ ಯಾವುದು ಹಾಕಿದೆ ಅಂತ ಕಣ್ಣು ಮುಚ್ಚಿ ಹೇಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಈಗ ಮದುವೆ ವಿಡಿಯೊಗೆ ಬರೋಣ.

2023ರಲ್ಲಿ ತಂಗಿ ಮದುವೆ ಆಯಿತು. ಫೋಟೊದವರು ಕೊಟ್ಟ ಪೂರ್ತಿ ವಿಡಿಯೊ 110 ಜಿಬಿ. ಅದನ್ನು ನನ್ನ ಎನ್‌ವಿಎಂಇಯಲ್ಲಿ ಇಟ್ಟುಕೊಂಡಿದ್ದೆ. ತಂಗಿಯ ಲ್ಯಾಪ್‌ಟಾಪಿಗೆ ಅಂತ ಹೊಸದಾಗಿ ಒಂದು 480 ಜಿಬಿ ಸಾಟಾ ಡ್ರೈವ್ ತಂದಿದ್ದೆ. ನನ್ನ ಡೆಸ್ಕ್‌ಟಾಪಿನಲ್ಲಿ 2021ರಿಂದ ಇದ್ದದ್ದೂ ಅದೇ ಕಂಪನಿ, ಅದೇ ಮಾಡೆಲ್, ಅದೇ ಬಣ್ಣದ ಡಬ್ಬ. ಎರಡನ್ನೂ ಒಂದೇ ಕಂಪ್ಯೂಟರಿಗೆ ಕೇಬಲ್ ಹಾಕಿ ವಿಡಿಯೊ ಕಾಪಿಗೆ ಇಟ್ಟೆ.

ಹಳೆಯದು ಮೊದಲ 40 ಜಿಬಿಯನ್ನು ಸೆಕೆಂಡಿಗೆ 430 ಎಂಬಿಯಂತೆ ನುಂಗಿತು. ಆಮೇಲೆ 220ಕ್ಕೆ ಇಳಿದು ಅಲ್ಲೇ ನಿಂತಿತು. ಒಟ್ಟು 7 ನಿಮಿಷ. ಬೇಜಾರಿಲ್ಲ.

ಹೊಸದಕ್ಕೆ ಹಾಕಿದೆ. ವಿಂಡೋಸಿನ ಆ ಹಸಿರು ಗ್ರಾಫ್ 440ರಲ್ಲಿ ಗೋಡೆ ಕಟ್ಟಿದ ಹಾಗೆ ಸಪಾಟಾಗಿ ಹೋಯಿತು. 30 ಜಿಬಿ ದಾಟಿದ್ದೇ ತಡ, ಬಾವಿಗೆ ಬಿದ್ದಂತೆ ಕೆಳಗೆ ಬಿತ್ತು. 65. ಒಮ್ಮೊಮ್ಮೆ ಸೊನ್ನೆ, ಒಂದೆರಡು ಸೆಕೆಂಡು ಬಿಟ್ಟು ಮತ್ತೆ 65. ಕೇಬಲ್ ಸರಿಯಿಲ್ಲವೇನೋ ಅಂತ ಬಿಚ್ಚಿ ಹಾಕಿದೆ, ಪೋರ್ಟ್ ಬದಲಾಯಿಸಿದೆ, ಮತ್ತೆ ಮೊದಲಿಂದ ಕಾಪಿ ಮಾಡಿದೆ, ಅದೇ ಕಥೆ. ಒಟ್ಟು 22 ನಿಮಿಷ. ಹಳೆಯ ಹಾರ್ಡ್ ಡಿಸ್ಕೇ ಇದಕ್ಕಿಂತ ವಾಸಿ ಅಲ್ವಾ ಅನ್ನಿಸಿಬಿಟ್ಟಿತು.

ಡ್ರೈವಿನ ವಿವರ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ನೋಡಿದರೆ ಎರಡರ ಫರ್ಮ್‌ವೇರ್ (ಡ್ರೈವಿನ ಒಳಗೇ ಇರುವ ಸಾಫ್ಟ್‌ವೇರ್) ನಂಬರೇ ಬೇರೆ ಬೇರೆ. ಡಬ್ಬ ಒಂದೇ, ಒಳಗಿನ ಸರಕು ಬೇರೆ. ಇದು ಅಪರೂಪವೇನಲ್ಲ. ಅಗ್ಗದ ಡ್ರೈವ್‌ಗಳಲ್ಲಿ ಹೆಸರು ಹಾಗೇ ಇಟ್ಟು ಚಿಪ್ ಬದಲಾಯಿಸುವುದು ಮಾಮೂಲಿ. ಅದಕ್ಕೇ ಹೇಳಿದ್ದು, ನಾನು ಕೊಂಡದ್ದರ ಹೆಸರು ಹೇಳಿದರೂ ನಿಮ್ಮ ಕೈಗೆ ಬರುವುದು ಅದೇ ಆಗಿರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಸ್ಪೀಡು ಹೀಗೆ ಬೀಳುವುದು ಯಾಕೆ? ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಬಂದಾಗ ಮೂಟೆಗಳನ್ನು ಮೊದಲು ಜಗಲಿ ಮೇಲೆ ದಬದಬ ಇಳಿಸುತ್ತೇವೆ. ಆಮೇಲೆ ಬಿಡುವಾದಾಗ ಒಳಗೆ ಹೊತ್ತು ಅಟ್ಟದಲ್ಲಿ ಜೋಡಿಸುತ್ತೇವೆ. ಜಗಲಿ ತುಂಬಿದರೆ? ಟ್ರ್ಯಾಕ್ಟರ್ ನಿಂತು ಕಾಯಬೇಕು. ಎಸ್‌ಎಸ್‌ಡಿಯ ಜಗಲಿಗೆ ಎಸ್‌ಎಲ್‌ಸಿ ಕ್ಯಾಶ್ ಅನ್ನುತ್ತಾರೆ. ಅಲ್ಲಿ ಒಂದು ಸೆಲ್ಲಿಗೆ (ಚಿಪ್ಪಿನೊಳಗಿನ ಒಂದು ಪುಟ್ಟ ಖಾನೆಗೆ) ಒಂದೇ ಬಿಟ್ ಬರೆಯುವುದರಿಂದ ಬೇಗ ಆಗುತ್ತದೆ. ಅಟ್ಟ ಅಂದರೆ ಟಿಎಲ್‌ಸಿ ಅಥವಾ ಕ್ಯೂಎಲ್‌ಸಿ, ಒಂದೊಂದು ಸೆಲ್ಲಿಗೆ ಮೂರು ಇಲ್ಲವೇ ನಾಲ್ಕು ಬಿಟ್ ತುರುಕಬೇಕು. ತುರುಕುವುದು ಜಾಸ್ತಿಯಾದಷ್ಟೂ ನಿಧಾನ. ಇನ್ನೊಂದು ವಿಷಯ, ಎಷ್ಟೋ ಡ್ರೈವ್‌ಗಳಲ್ಲಿ ಈ ಜಗಲಿ ಖಾಲಿ ಇರುವ ಜಾಗದಲ್ಲೇ ಆಗುವುದು. ಮನೆ ತುಂಬುತ್ತಾ ಹೋದ ಹಾಗೆ ಜಗಲಿ ಚಿಕ್ಕದಾಗುತ್ತದೆ.

ಇದನ್ನು ನಾನು ನನ್ನ ಎನ್‌ವಿಎಂಇಯಲ್ಲೇ ಅನುಭವಿಸಿದೆ. 1 ಟಿಬಿ, ಕ್ಯೂಎಲ್‌ಸಿ. ಖಾಲಿ ಇದ್ದಾಗ ಅದೇ 110 ಜಿಬಿ ಎರಡು ನಿಮಿಷದೊಳಗೆ ಕಾಪಿ ಆಗಿತ್ತು. ಕಳೆದ ವರ್ಷ 880 ಜಿಬಿ ತುಂಬಿದಾಗ ಒಂದು ದೊಡ್ಡ ಫೋಲ್ಡರ್ ಹಾಕಿದರೆ ಸ್ಪೀಡು 90ಕ್ಕೆ ಬಂತು. 150 ಜಿಬಿ ಅಳಿಸಿ, ರಾತ್ರಿಯಿಡೀ ಸುಮ್ನೆ ಆನ್ ಇಟ್ಟು ಬೆಳಿಗ್ಗೆ ನೋಡಿದೆ, ಮತ್ತೆ ಸರಿಯಾಗಿತ್ತು. ಈಗ ಐದರಲ್ಲಿ ಒಂದು ಪಾಲು ಖಾಲಿ ಬಿಟ್ಟೇ ಬಳಸುತ್ತೇನೆ.

ಡ್ರೈವಿನಲ್ಲಿ ಡಿರ್ಯಾಮ್, ಅಂದರೆ ವೇಗದ ತಾತ್ಕಾಲಿಕ ಮೆಮೊರಿ, ಇದೆಯೋ ಇಲ್ಲವೋ ಅಂತಲೂ ನೋಡಿ. ಯಾವ ಫೈಲು ಯಾವ ಸೆಲ್ಲಿನಲ್ಲಿದೆ ಅನ್ನುವ ಲೆಕ್ಕದ ಪುಸ್ತಕವನ್ನು ಒಳ್ಳೆಯ ಡ್ರೈವ್‌ಗಳು ತಮ್ಮದೇ ಡಿರ್ಯಾಮಿನಲ್ಲಿ ಇಟ್ಟುಕೊಳ್ಳುತ್ತವೆ. ಕ್ರೂಶಿಯಲ್ ಬ್ರ್ಯಾಂಡಿನ ಎಂಎಕ್ಸ್500ರಲ್ಲಿ ಅದು ಇದೆ, ಬಿಎಕ್ಸ್500ರಲ್ಲಿ ಇಲ್ಲ. ಬೆಲೆಯ ವ್ಯತ್ಯಾಸ ಅಲ್ಲಿಂದಲೇ ಶುರು. ಎನ್‌ವಿಎಂಇಯಲ್ಲಿ ಡಿರ್ಯಾಮ್ ಇಲ್ಲದಿದ್ದರೂ ಕಂಪ್ಯೂಟರಿನ ರ್ಯಾಮಿನಲ್ಲಿ ಸ್ವಲ್ಪ ಸಾಲ ಕೇಳುವ ಏರ್ಪಾಡು ಇರುತ್ತದೆ. ಸಾಟಾದಲ್ಲಿ ಆ ಏರ್ಪಾಡು ಇಲ್ಲ. ಹಾಗಾಗಿ ನಿಮ್ಮ ಮದರ್‌ಬೋರ್ಡಿನಲ್ಲಿ ಜಾಗ ಇದ್ದು, ಎರಡರ ಬೆಲೆಯೂ ಹತ್ತಿರ ಹತ್ತಿರ ಇದ್ದರೆ ಎನ್‌ವಿಎಂಇಯನ್ನೇ ತಗೊಳ್ಳಿ. 3500ರ ಆಸೆಗಲ್ಲ, ಈ ಸಾಲದ ಸೌಲಭ್ಯಕ್ಕೆ.

ಜಾಗ ಇದೆಯಾ ಅಂತ ನೋಡುವಾಗ ಒಂದು ಎಚ್ಚರ. ಎಂ.2 ಅಂದ ತಕ್ಷಣ ಎನ್‌ವಿಎಂಇ ಅಲ್ಲ. ಅದು ಆಕಾರದ ಹೆಸರು, ಅದೇ ಆಕಾರದಲ್ಲಿ ಸಾಟಾನೂ ಬರುತ್ತದೆ. ಮ್ಯಾನುಯಲ್ ನೋಡದೆ ಕೊಳ್ಳಬೇಡಿ. ನಾನು ನೋಡಿಕೊಂಡೇ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದೆ, ತುಮಕೂರಿಗೆ ವಾಪಸ್ ಬಂದು ಕೇಸ್ ಬಿಚ್ಚಿದರೆ ಡ್ರೈವನ್ನು ಹಿಡಿದಿಡುವ ಆ ಅಕ್ಕಿಕಾಳಿನಷ್ಟು ಸ್ಕ್ರೂ ಎಲ್ಲೂ ಇಲ್ಲ. ಡ್ರೈವ್ ಡಬ್ಬದಲ್ಲೂ ಇಲ್ಲ. ಕೊನೆಗೆ ಇಲ್ಲಿನ ಒಬ್ಬ ಲ್ಯಾಪ್‌ಟಾಪ್ ರಿಪೇರಿಯವರು ತಮ್ಮ ಡಬ್ಬಿ ಕೆದಕಿ ಒಂದು ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಬೆಲೆ ಹೇಳಬೇಕೆಂದರೆ, 2021ರಲ್ಲಿ 480 ಜಿಬಿ ಸಾಟಾಗೆ ನಾಲ್ಕು ಸಾವಿರ ಚಿಲ್ಲರೆ ಕೊಟ್ಟೆ. 2023ರಲ್ಲಿ ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ 1 ಟಿಬಿ ಎನ್‌ವಿಎಂಇ ಸಿಕ್ಕಿತು. ಈಗ ರೇಟು ಮತ್ತೆ ಏರಿದೆ. ಆದರೂ 2 ಟಿಬಿ ಎಂಟುನೂರು ರೂಪಾಯಿ ಅಂತ ಆನ್‌ಲೈನಲ್ಲಿ ಕಂಡರೆ ಆ ಕಡೆ ತಲೆ ಹಾಕಬೇಡಿ, ಅದು ನಕಲಿ. ಇನ್ನು 480 ಕೊಂಡು ವಿಂಡೋಸಿನಲ್ಲಿ 447 ಕಂಡರೆ ಅಂಗಡಿಯವನ ಮೇಲೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಬಾಳಿಕೆ ಬಗ್ಗೆ ಜನ ವಿನಾಕಾರಣ ಹೆದರುತ್ತಾರೆ. ನನ್ನ 2021ರ ಡ್ರೈವಿಗೆ ಇದುವರೆಗೆ ಬರೆದದ್ದು 23 ಟಿಬಿ. ಕಂಪನಿ ಹೇಳಿರುವ ಮಿತಿ 120. ಬರೆದು ಬರೆದು ಸವೆಯುವಷ್ಟು ಕೆಲಸ ಮನೆಯಲ್ಲಿ ಯಾರೂ ಮಾಡುವುದಿಲ್ಲ.

ಆದರೆ ಸವೆಯದೆಯೂ ಸಾಯುತ್ತದೆ. ಅಪ್ಪನ 240 ಜಿಬಿ ಡ್ರೈವ್ 2024ರಲ್ಲಿ ಒಂದು ಬೆಳಿಗ್ಗೆ ಬಯೋಸಿನಲ್ಲಿ (ವಿಂಡೋಸ್ ಏಳುವ ಮುಂಚಿನ ಸೆಟಪ್ ಪರದೆಯಲ್ಲಿ) ಕಾಣಿಸಲೇ ಇಲ್ಲ. ಹಿಂದಿನ ರಾತ್ರಿ ಚೆನ್ನಾಗಿಯೇ ಇತ್ತು. ಹಾರ್ಡ್ ಡಿಸ್ಕಾದರೆ ಎಷ್ಟೋ ಸಲ ಸಾಯುವ ಮುಂಚೆ ಕಟಕಟ ಅಂತ ಸೂಚನೆಯಾದರೂ ಕೊಡುತ್ತದೆ, ಇದು ಉಸಿರೇ ಎತ್ತಲಿಲ್ಲ. 3 ವರ್ಷದ ವಾರಂಟಿ ಮುಗಿದು ಕೆಲವು ತಿಂಗಳಾಗಿತ್ತು. ನನ್ನ 480 ಅನ್ನು ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಪೋರ್ಟ್ ನಿಂತ ಮೇಲೆ ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದ್ದೇನೆ, ಹತ್ತು ವರ್ಷದ ಯಂತ್ರ ಇನ್ನೂ ಚುರುಕಾಗಿದೆ.

ಸತ್ತ ಡ್ರೈವಿನಲ್ಲಿ ಅಪ್ಪನ ಪಿಂಚಣಿ ಕಾಗದ, ಅಜ್ಜಿಯ ಫೋಟೊಗಳು ಎಲ್ಲ ಇದ್ದವು. ಉಳಿದದ್ದು ಹೇಗೆಂದರೆ, 2020ರಲ್ಲಿ ಬಿಚ್ಚಿದ ಅದೇ 5400 ಆರ್‌ಪಿಎಂ ಹಾರ್ಡ್ ಡಿಸ್ಕನ್ನು ಒಂದು ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬ್ಯಾಕಪ್ ಮಾಡುತ್ತಿದ್ದೆ. ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟರೆ ಬರೆದದ್ದು ಅಳಿಸಿಹೋಗಬಹುದು, ಹಾಗಾಗಿ ಈ ಕೆಲಸಕ್ಕೆ ಅದೇ ಸರಿ. ಈಗಲೂ ತಿಂಗಳ ಮೊದಲ ಭಾನುವಾರ ಅದನ್ನು ಹೊರಗೆ ತೆಗೆಯುತ್ತೇನೆ. ಕಾಪಿ ಮುಗಿಯಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ತಿಂಡಿ ಆಗಿರುತ್ತದೆ.